ನಿನ್ನ ಹೆಸರು ಹೇಳವ್ವಾ



ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಹೊಸ ಸೊಸೆ ಗಂಡನ ಮನೆಯ ಹೊಸ್ತಿಲಿಗೆ ಬಂದು ನಿಂತಾಗ ಏನು ನಡೆಯುತ್ತದೆ ಎಂಬುದು ನಿಮಗೆಲ್ಲ ಗೊತ್ತೇ ಇದೆ. ನಾದಿನಿಯರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. 'ಒಡಪು ಹಚ್ಚಿ ಗಂಡನ ಹೆಸರು ಹೇಳು, ಆಮ್ಯಾಲ ಒಳಗ ಬಾ' ಅನ್ನುತ್ತಾರೆ. ಮೈಯ ಅರಿಷಿಣ ಇನ್ನೂ ಆರಿರದ ಆ ಹುಡುಗಿ ಓಣಿಯ ಮಂದಿಯೆಲ್ಲ ಕೇಳುವಂತೆ ಪ್ರಾಸ ಕೂಡಿಸಿ ಎರಡು ಸಾಲು ಕಟ್ಟಬೇಕು, ಅದರೊಳಗೆ ಗಂಡನ ಹೆಸರನ್ನು ನಾಜೂಕಾಗಿ ಕೂಡಿಸಬೇಕು. ದನಿ ಸಣ್ಣದಾದರೆ ಯಾರೂ ಬಿಡುವುದಿಲ್ಲ. 'ಕೇಳಸಲಿಲ್ಲವ್ವಾ, ಇನ್ನೊಮ್ಮಿ ಜೋರಾಗಿ ಹೇಳು' ಎಂದು ಹಿಂದಿನ ಸಾಲಿನ ಮುದುಕಿಯರೂ ಕೂಗುತ್ತಾರೆ. ಭೂಮದ ಊಟಕ್ಕೆ ಕೂತಾಗ ಇನ್ನೊಂದು ಒಡಪು. ಕುಬಸದ ದಿನ ಮತ್ತೊಂದು. ತೊಟ್ಟಿಲು ಕಟ್ಟಿದಾಗ ಮಗದೊಂದು.

ಊರು ಆಕೆಯನ್ನು ಬರಮಾಡಿಕೊಂಡದ್ದೇ ನಾಕು ಮಂದಿ ಎದುರು ಗಟ್ಟಿಯಾಗಿ ಮಾತಾಡಿಸಿ. ಆ ಹೊತ್ತಿನಲ್ಲಿ 'ಹೆಣಮಗಳು ಇಷ್ಟು ಜೋರಾಗಿ ಮಾತಾಡಬಾರದು' ಎಂದು ಯಾರೂ ಅನ್ನಲಿಲ್ಲ. ಅದೇ ಹೆಣ್ಣುಮಗಳು ಕೆಲವು ವರ್ಷಗಳ ಮೇಲೆ ಮಗನ ಸಾಲಿಯ ಪಾಲಕರ ಸಭೆಗೆ ಹೋಗುತ್ತಾಳೆ. ಗುರುಗಳು 'ನಿಮ್ಮ ಹೆಸರೇನ್ರಿ ಅವ್ವಾರ?' ಎಂದು ಕೇಳಿದರೆ ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ, 'ನಾ ಇಂಥವರ ಮನ್ಯಾಕೀರಿ' ಅನ್ನುತ್ತಾಳೆ. ಮಗನ ಓದಿನ ಬಗ್ಗೆ ಏನಾದರೂ ಕೇಳುವುದಿದೆಯೇ ಎಂದರೆ, 'ಅವರು ಬರ್ತಾರ್ರಿ, ಅವರನ್ನ ಕೇಳ್ರಿ.' ಅಷ್ಟು ಚೆಂದ ಒಡಪು ಕಟ್ಟಿದ ನಾಲಿಗೆ ಇದೇ ಏನು?

ಇಂಥದ್ದನ್ನು ಕಂಡವರು 'ನಮ್ಮ ಕಡೆ ಹೆಣ್ಣುಮಕ್ಕಳಿಗೆ ಧೈರ್ಯ ಕಡಿಮಿ' ಎಂದು ತೀರ್ಮಾನ ಕೊಟ್ಟುಬಿಡುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಹೆಣ್ಣುಮಕ್ಕಳಿಗೆ ದನಿ ಇದೆ, ಮಾತಿನ ಕಸುವೂ ಇದೆ. ತಮ್ಮ ಹೆಸರಿನಲ್ಲಿ, ತಮ್ಮ ವಿಷಯಕ್ಕಾಗಿ ಮಾತಾಡುವ ಜಾಗ ಮತ್ತು ರೂಢಿ ಮಾತ್ರ ಅವರಿಗೆ ಸಿಕ್ಕಿಲ್ಲ. ಇವತ್ತು ಇದನ್ನೇ ನಿಮ್ಮೊಂದಿಗೆ ಹಂಚಿಕೊಳ್ಳಬೇಕೆಂದು ಬಂದಿದ್ದೇನೆ.

ದನಿಗೆ ಸಾಕ್ಷಿ ಬೇಕೆಂದರೆ ದೂರ ಹೋಗಬೇಕಿಲ್ಲ. ಬೀಸುಕಲ್ಲಿನ ಮುಂದೆ, ಸೋಬಾನದಲ್ಲಿ ಹೆಣ್ಣಿನ ಹಾಡು ಈ ನೆಲದಲ್ಲಿ ಎಂದೂ ನಿಂತದ್ದಿಲ್ಲ. ಶ್ರೀಕೃಷ್ಣ ಪಾರಿಜಾತದ ಆಟವನ್ನೇ ನೆನಪಿಸಿಕೊಳ್ಳಿ. ಅಪರಾಳ ತಮ್ಮಣ್ಣ ಬರೆದ ಈ ಆಟವನ್ನು ಮುಧೋಳಕ್ಕೆ ನೆರೆಯ ಕುಲಗೋಡದ ತಮ್ಮಣ್ಣ ತಿದ್ದಿ ಬೆಳೆಸಿ ಊರೂರಿಗೆ ಒಯ್ದ. ಅದರ ಜೀವಾಳ ಯಾರು? ಸತ್ಯಭಾಮೆ. ನಾರದ ತಂದುಕೊಟ್ಟ ಪಾರಿಜಾತದ ಹೂ ರುಕ್ಮಿಣಿಯ ಪಾಲಾಯಿತೆಂದು ಸಿಟ್ಟಾದ ಸತ್ಯಭಾಮೆ ಕೃಷ್ಣನನ್ನು ನೇರವಾಗಿ ಪ್ರಶ್ನಿಸುತ್ತಾಳೆ. ಬೆಳತನಕ ಆಟ ನೋಡುವ ಜನ ಆಕೆಯ ಒಂದೊಂದು ಮಾತಿಗೂ ತಲೆದೂಗುತ್ತಾರೆ. ತನಗೆ ಆದ ಅನ್ಯಾಯವನ್ನು ಒಬ್ಬ ಹೆಣ್ಣು ದೇವರೆದುರೇ ಎತ್ತಿ ಆಡುವುದನ್ನು ನಮ್ಮ ಹಳ್ಳಿಗಳು ತಲೆಮಾರುಗಳಿಂದ ಮೆಚ್ಚಿ ಕೇಳಿವೆ. ಇದೇ ಪಾರಿಜಾತದಲ್ಲಿ ಗೋಕಾಕ ಸೀಮೆಯ ಕೌಜಲಗಿ ನಿಂಗವ್ವ ಮನೆಮಾತಾದಳು. ಆಕೆಯ ಹೆಸರು ಹೇಳಿದರೆ ಸಾಕು, ಜನ ಗಾಡಿ ಕಟ್ಟಿಕೊಂಡು ಆಟ ನೋಡಲು ಬರುತ್ತಿದ್ದ ಕಾಲ ಅದು.

ಇಲ್ಲೊಂದು ನೋವಿನ ಮಾತನ್ನೂ ಹೇಳಬೇಕು. ರಂಗದ ಮೇಲೆ ಬಂದ ಈ ಹೆಣ್ಣುಮಕ್ಕಳ ಕಲೆಗೆ ನಾವು ಚಪ್ಪಾಳೆ ಕೊಟ್ಟೆವು, ಬದುಕಿಗೆ ಗೌರವ ಕೊಡಲಿಲ್ಲ. ಹಾಡುವವರು, ಕುಣಿಯುವವರು, ಆಟದವರು ಎಂದು ಬೇರೆ ಸಾಲಿನಲ್ಲಿಟ್ಟೆವು. ಅವರಲ್ಲಿ ಎಷ್ಟೋ ಮಂದಿ ದೇವರ ಹೆಸರಿನಲ್ಲಿ ಬಿಡಲ್ಪಟ್ಟ ಮನೆತನಗಳವರು. ಆ ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಕಾಯಿದೆಯನ್ನು ಕರ್ನಾಟಕ ಮಾಡಿದ್ದು 1982ರಲ್ಲಿ. ಹೀಗೆ ಊರಿನ ಕಣ್ಣಿನಲ್ಲಿ ಎರಡು ಜಾತಿಯ ಹೆಣ್ಣು ಹುಟ್ಟಿಕೊಂಡಳು. ಗಟ್ಟಿ ದನಿಯವಳು ರಂಗಕ್ಕೆ, ದನಿ ಎತ್ತದವಳು ಸಂಸಾರಕ್ಕೆ. 'ಛಲೋ ಮನಿ ಹೆಣಮಗಳು ನಾಕ ಮಂದ್ಯಾಗ ಬಾಯಿ ಬಿಡೂದಿಲ್ಲ' ಎಂಬ ಮಾತಿನ ಬೇರು ಇಲ್ಲಿದೆ ಎಂದು ನನಗನ್ನಿಸುತ್ತದೆ. ಇವತ್ತು ಕಾಲೇಜು ಓದುವ ಹುಡುಗಿ ಎದ್ದು ನಿಂತು ಪ್ರಶ್ನೆ ಕೇಳಿದರೆ ಮನೆಯ ಹಿರಿಯರು ಮುಖ ಗಂಟಿಕ್ಕುವುದರಲ್ಲಿ ಈ ಹಳೆಯ ಹೆದರಿಕೆ ಇನ್ನೂ ಉಸಿರಾಡುತ್ತಿದೆ.

ಆ ಗೆರೆಯನ್ನು ದಾಟಿ ಹೋದ ಇಬ್ಬರು ಅಕ್ಕತಂಗಿಯರು ಬೀಳಗಿಯವರು. ಗೋಹರಬಾಯಿ ಮತ್ತು ಅಮೀರಬಾಯಿ. ಸಂಗೀತ, ನಾಟಕದ ಮನೆತನದಲ್ಲಿ ಹುಟ್ಟಿ, ಬೀಳಗಿಯಿಂದ ಮುಂಬಯಿಗೆ ಹೋದರು. ಹೋದಲ್ಲೆಲ್ಲ 'ಕರ್ನಾಟಕಿ' ಎಂದೇ ಹೆಸರು ಹೇಳಿಕೊಂಡರು. ಗೋಹರಬಾಯಿ ಸೇರಿದ್ದು ಬಾಲಗಂಧರ್ವರ ನಾಟಕ ಮಂಡಳಿಯನ್ನು. ಬಾಲಗಂಧರ್ವರೆಂದರೆ ಮರಾಠಿ ರಂಗಭೂಮಿಯಲ್ಲಿ ಹೆಣ್ಣಿನ ಪಾತ್ರಕ್ಕೆ ಇನ್ನೊಂದು ಹೆಸರು. ಅವರು ಉಟ್ಟಂತೆ ಸೀರೆ ಉಡುವುದನ್ನು ಮನೆಮನೆಯ ಹೆಂಗಸರು ಕಲಿತ ಕಾಲ. ಗಂಡಸು ಹೆಣ್ಣಾಗಿ ಗೆದ್ದು ನಿಂತ ಆ ರಂಗದ ಮೇಲೆ ನಮ್ಮ ಬೀಳಗಿಯ ಹೆಣ್ಣುಮಗಳು ಹೆಣ್ಣಾಗಿಯೇ ಕಾಲಿಟ್ಟು, ನಾಯಕಿಯ ಪಾತ್ರವನ್ನು ಕೈಗೆ ತೆಗೆದುಕೊಂಡಳು. ಸುಲಭದ ಮಾತೇ ಇದು? ಪ್ರೇಕ್ಷಕರು ಒಮ್ಮೆಲೇ ಒಪ್ಪಿಕೊಳ್ಳಲಿಲ್ಲ, ಆಡಿಕೊಂಡವರೂ ಇದ್ದರು. ಆದರೂ ಆಕೆ ರಂಗ ಬಿಟ್ಟು ಇಳಿಯಲಿಲ್ಲ.

ತಂಗಿ ಅಮೀರಬಾಯಿಯ ಕತೆ ಇನ್ನೂ ದೊಡ್ಡದು. 1943ರಲ್ಲಿ ತೆರೆಕಂಡ 'ಕಿಸ್ಮತ್' ಚಿತ್ರ ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮಿಕ್ಕಿ ಓಡಿತು. ಅನಿಲ ಬಿಸ್ವಾಸರ ಸಂಗೀತದಲ್ಲಿ ಅದರ ಹಾಡುಗಳನ್ನು ಹಾಡಿ ಊರೂರು ಮುಟ್ಟಿಸಿದ ದನಿ ಅಮೀರಬಾಯಿಯದು. ಪರದೇಶದವರೇ ಈ ನಾಡು ಬಿಟ್ಟು ತೊಲಗಿ ಎಂಬರ್ಥದ ಹಾಡೊಂದು ಆ ಚಿತ್ರದಲ್ಲಿದೆ. 'ಚಲೇಜಾವ್' ಚಳವಳಿಯ ಬಿಸಿ ಆರುವ ಮೊದಲೇ, ಇಂಗ್ಲಿಷರ ಆಳ್ವಿಕೆಯಲ್ಲೇ, ಆ ಹಾಡು ಹಾಡಿದವರಲ್ಲಿ ಬೀಳಗಿಯ ಈ ಮಗಳೂ ಒಬ್ಬಳು. 1948ರಲ್ಲಿ 'ಶೆಹನಾಜ್' ಎಂಬ ಚಿತ್ರಕ್ಕೆ ತಾನೇ ಸಂಗೀತ ನಿರ್ದೇಶನ ಮಾಡಿದಳು. ಹೆಣ್ಣು ಹಾಡಬಹುದು, ಆದರೆ ವಾದ್ಯದವರನ್ನೆಲ್ಲ ಕೂಡಿಸಿ ಹೀಗೆ ಬಾರಿಸಿ ಎಂದು ಅಪ್ಪಣೆ ಕೊಡುವುದು ಗಂಡಸಿನ ಕೆಲಸ ಎಂದಿದ್ದ ಕಾಲ ಅದು. ಆಕೆಯ ಮೊದಲ ಮದುವೆ ಹೊಡೆತ ಬಡಿತದ್ದಾಗಿತ್ತು. ಅಷ್ಟು ಹೆಸರಿದ್ದ ಹೆಣ್ಣುಮಗಳೂ ಮನೆಯೊಳಗೆ ಬಾಯಿ ಕಟ್ಟಿಕೊಂಡು ಇರಬೇಕಾಗಿ ಬಂದಿತ್ತು. ಕಡೆಗೆ ಬೇರೆಯವರ ನೆರವು ಪಡೆದು ಆ ಬಂಧನದಿಂದ ಹೊರಗೆ ಬಂದಳು. ಡಾ. ರಹಮತ್ ತರೀಕೆರೆಯವರು ಆಕೆಯ ಬದುಕನ್ನು ಹುಡುಕಿ ಪುಸ್ತಕ ಬರೆದರು. ನಮ್ಮ ಕಾಲೇಜಿನ ಹೆಣ್ಣುಮಕ್ಕಳು ಅದನ್ನು ಓದಬೇಕು. ಓದುವಾಗ ಹಾಡಿನ ಜೊತೆಗೆ ಈ ನೆರವಿನ ಸಂಗತಿಯನ್ನೂ ಗಮನಿಸಬೇಕು. ಲಕ್ಷಾಂತರ ಜನಕ್ಕೆ ಹಾಡು ಕೇಳಿಸಿದಾಕೆಗೂ ತನ್ನ ಸಂಕಟ ಹೇಳಲು ಪಕ್ಕಕ್ಕೆ ಒಬ್ಬರು ಬೇಕಾಯಿತು.

ಹಾಡುವ ದನಿ, ಪಾತ್ರದ ದನಿ ಬೇರೆ. 'ಇದು ನನ್ನ ಹೊಲ', 'ಇದು ನನ್ನ ಕೂಲಿ', 'ನನಗ ಇದು ಒಪ್ಪಿಗಿ ಇಲ್ಲ' ಎನ್ನುವ ದನಿ ಬೇರೆ. ಈ ಎರಡನೆಯದು ಎಲ್ಲಿ ಕಟ್ಟಿಕೊಳ್ಳುತ್ತದೆ ನೋಡೋಣ.

ಬನಹಟ್ಟಿಯ ಓಣಿಗಳಲ್ಲಿ ವಿದ್ಯುತ್ ಮಗ್ಗದ ಸದ್ದಿನ ನಡುವೆ ನೂಲಿನ ಕಂಡಿಕಿ ಸುತ್ತುವ ಹೆಣ್ಣುಮಕ್ಕಳು ಎಷ್ಟು ಗಟ್ಟಿಯಾಗಿ ಮಾತಾಡುತ್ತಾರೆ! ಆ ಸದ್ದನ್ನು ಮೀರಿಸಿ ಮಾತಾಡದಿದ್ದರೆ ಪಕ್ಕದವರಿಗೂ ಕೇಳಿಸದು. ಆದರೆ ಮಗ್ಗ ಇರುವುದು ಗಂಡನ ಹೆಸರಿನಲ್ಲಿ. ನೂಲಿನ ಲೆಕ್ಕ, ಸೀರೆಯ ಲೆಕ್ಕ, ಮಜೂರಿ, ಎಲ್ಲ ಅವನ ಹೆಸರಿಗೆ. ನಸುಕಿನಿಂದ ಸುತ್ತಿದ ಕಂಡಿಕಿಗೆ ಬೇರೆ ಎಣಿಕೆ ಇಲ್ಲ, ಅದು 'ಮನಿ ಕೆಲಸ'. ಹೀಗಿರುವಾಗ ನೇಕಾರರ ಸಭೆ ಕರೆದರೆ ಆಕೆ ಏನೆಂದು ಮಾತಾಡಬೇಕು? 'ನಾನೂ ನೇಕಾರಳು' ಎನ್ನಲು ಕೈಯಲ್ಲಿ ಚೀಟಿ ಬೇಕಲ್ಲ. ಆಲಮಟ್ಟಿಯ ಹಿನ್ನೀರಿಗೆ ಬೀಳಗಿ, ಜಮಖಂಡಿ ತಾಲ್ಲೂಕಿನ ಹೊಲ ಮನೆಗಳು ಮುಳುಗಿದಾಗ ಹೀಗೆಯೇ ಆಯಿತು. ಪರಿಹಾರದ ಕಾಗದ, ಹೊಲ ಯಾರ ಹೆಸರಿನಲ್ಲಿತ್ತೋ ಅವರ ಹೆಸರಿಗೇ ಬಂತು. ಆ ಹೊಲದಲ್ಲಿ ಕಳೆ ತೆಗೆದವಳ ಹೆಸರು ಉತಾರದಲ್ಲಿ ಇರಲಿಲ್ಲ. ಪುನರ್ವಸತಿಯ ಹೊಸ ಊರಿನಲ್ಲಿ ನೀರಿನ ನಲ್ಲಿ ಎಲ್ಲಿ ಬರಬೇಕು, ಬಚ್ಚಲ ನೀರು ಎಲ್ಲಿಗೆ ಹೋಗಬೇಕು ಎಂಬುದು ದಿನಾ ಬಾಧಿಸುವುದು ಹೆಂಗಸರನ್ನೇ. ಆದರೆ ಮಾತು ನಡೆದದ್ದು ಉತಾರ ಇದ್ದವರ ಜೊತೆ.

ಹೀಗಾಗಿ ಧೈರ್ಯ ತಂದುಕೊಳ್ಳಿ ಎಂದು ಹೆಂಗಸರಿಗೆ ಉಪದೇಶ ಮಾಡುವ ಮುಂಚೆ ಅವರ ಹೆಸರಿಗೆ ಏನಿದೆ, ಅವರಿಗೆ ಕುರ್ಚಿ ಎಲ್ಲಿದೆ ಎಂದು ಕೇಳಬೇಕು. ಕುರ್ಚಿ ಕೊಡುವ ಕೆಲಸವನ್ನು ಕರ್ನಾಟಕ ಸ್ವಲ್ಪ ಬೇಗ ಶುರು ಮಾಡಿತು. ಆಗಿನ ಪಂಚಾಯ್ತಿ ರಾಜ್ ಸಚಿವ ಅಬ್ದುಲ್ ನಜೀರ್ ಸಾಬರು ಮುಂದೆ ನಿಂತು ಮಾಡಿಸಿದ 1983ರ ಪಂಚಾಯ್ತಿ ಕಾಯಿದೆಯಲ್ಲಿ ಹೆಂಗಸರಿಗೆ ಕಾಲುಭಾಗ ಸ್ಥಾನಗಳಿದ್ದವು. 1987ರಲ್ಲಿ ಅದರಂತೆ ಚುನಾವಣೆಯೂ ಆಯಿತು. ದೇಶದ ಸಂವಿಧಾನಕ್ಕೆ 73ನೆಯ ತಿದ್ದುಪಡಿ ಬಂದು ಮೂರನೆಯ ಒಂದು ಪಾಲು ಸಿಕ್ಕಿದ್ದು ಆಮೇಲೆ. 2010ರಲ್ಲಿ ನಮ್ಮ ರಾಜ್ಯ ಅದನ್ನು ಅರ್ಧಕ್ಕೆ ಏರಿಸಿತು. ಕುರ್ಚಿ ಬಂದರೂ ಅದರಲ್ಲಿ ಗಂಡ ಕೂತು, ಹೆಂಡತಿ ಮನೆಯಿಂದ ಸಹಿ ಹಾಕಿ ಕಳಿಸಿದ ಪಂಚಾಯ್ತಿಗಳು ಎಷ್ಟೋ. ಆದರೆ ಮೊದಲ ಸಲ ಸಹಿ ಮಾತ್ರ ಹಾಕಿದಾಕೆ ಎರಡನೆಯ ಸಲ 'ಇದರಾಗ ಏನ್ ಬರದೈತಿ, ಓದಿ ಹೇಳ್ರಿ' ಎಂದು ಕೇಳಿದ್ದನ್ನೂ ನಾನು ಕಂಡಿದ್ದೇನೆ.

ಕುರ್ಚಿಗಿಂತ ಮುಂಚೆ ಚಾಪೆಯ ಕೆಲಸ ಇದೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ ಮಹಿಳಾ ಸಮಾಖ್ಯಾ ಕಾರ್ಯಕ್ರಮ ಬಂತು. ಕರ್ನಾಟಕದಲ್ಲಿ ಮೊದಲು ಶುರುವಾದ ಜಿಲ್ಲೆಗಳಲ್ಲಿ ವಿಜಾಪುರವೂ ಒಂದು. 1989ರ ಸುಮಾರಿನ ಮಾತು. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ, ಅಲ್ಲಿಯವರೆಗೆ ನಮ್ಮ ತಾಲ್ಲೂಕುಗಳೆಲ್ಲ ವಿಜಾಪುರಕ್ಕೇ ಸೇರಿದ್ದವು. ಸಹಯೋಗಿನಿ ಎಂಬ ಕಾರ್ಯಕರ್ತೆ ಹಳ್ಳಿಗೆ ಬಂದು, ಹೆಂಗಸರ ಕೂಲಿ, ಅಡಿಗೆ ಮುಗಿದ ಮೇಲೆ ರಾತ್ರಿ ಅವರನ್ನು ಚಾಪೆಯ ಮೇಲೆ ದುಂಡಗೆ ಕೂಡಿಸುತ್ತಿದ್ದಳು. ದುಂಡಗೆ ಕೂತರೆ ಹಿಂದಿನ ಸಾಲು ಇರುವುದಿಲ್ಲ, ಒಬ್ಬರ ಬೆನ್ನಿಗೆ ಇನ್ನೊಬ್ಬರು ಅಡಗುವಂತಿಲ್ಲ. ಸಾಲ ಕೊಡುತ್ತೀರಾ, ಹೊಲಿಗೆ ಯಂತ್ರ ಕೊಡುತ್ತೀರಾ ಎಂದು ಕೇಳಿದವರಿಗೆ, ಅದೇನೂ ಇಲ್ಲ, ನಿಮ್ಮ ಕಷ್ಟ ನೀವೇ ಹೇಳಿ, ಏನು ಮಾಡಬಹುದೋ ನೀವೇ ಯೋಚಿಸಿ ಎನ್ನುತ್ತಿದ್ದಳು. ಎಷ್ಟೋ ಜನ ಬೇಸತ್ತು ಎದ್ದು ಹೋದರು. ಉಳಿದವರು ಮೊದಲು ಕಲಿತದ್ದು ತಮ್ಮ ಹೆಸರು ಹೇಳುವುದು. ಆಮೇಲೆ ರೇಷನ್ ಅಂಗಡಿಗೆ ಕೂಡಿ ಹೋಗುವುದು, ತಹಶೀಲ್ದಾರ ಕಚೇರಿಗೆ ಕೂಡಿ ಹೋಗುವುದು. 2000-01ರಲ್ಲಿ ಬಂದ ಸ್ತ್ರೀಶಕ್ತಿ ಸಂಘಗಳು ಉಳಿತಾಯ, ಸಾಲದ ದಾರಿ ಹಿಡಿದವು. ಅವೂ ಬೇಕು. ಆದರೆ ಇವತ್ತು ಎಷ್ಟೋ ಸಂಘಗಳ ವಾರದ ಸಭೆ ಕಂತು ಕಟ್ಟಿ ಪುಸ್ತಕಕ್ಕೆ ಸಹಿ ಮಾಡುವುದರಲ್ಲಿ ಮುಗಿದುಹೋಗುತ್ತದೆ. ಕಂತು ಕಟ್ಟಿದ ಮೇಲೆ ಅರ್ಧ ತಾಸು ಮಾತಿಗೆ ಇಡಿ ಎಂದು ಎಲ್ಲ ಸಂಘಗಳಿಗೂ ನಾನು ಕೈಮುಗಿದು ಕೇಳುತ್ತೇನೆ.

ಆ ಅರ್ಧ ತಾಸಿನ ಬೆಲೆ ಏನೆಂದು ಬೀಳಗಿ ತಾಲ್ಲೂಕಿನ ಒಂದು ಪುನರ್ವಸತಿ ಊರಿನ ಗ್ರಾಮಸಭೆಯಲ್ಲಿ ಕಣ್ಣಾರೆ ಕಂಡೆ. ಮುಂದೆ ಕುರ್ಚಿಯ ಮೇಲೆ ಗಂಡಸರು, ಹಿಂದೆ ಕಟ್ಟೆಯ ಪಕ್ಕ ನೆಲದ ಮೇಲೆ ಹೆಂಗಸರು. ರಸ್ತೆ, ಗಟಾರ, ಮನೆ ಹಂಚಿಕೆ ಎಲ್ಲ ಮುಗಿಯುತ್ತ ಬಂದಾಗ ನಡುವಯಸ್ಸಿನ ಒಬ್ಬಾಕೆ ಎದ್ದಳು. ಕೈಯಲ್ಲಿ ಮಗಳ ಹಳೆಯ ನೋಟಬುಕ್ಕು. ದನಿ ನಡುಗುತ್ತಿತ್ತು.

'ಪಿಡಿಓ ಸಾಹೇಬ್ರ, ನಮ್ಮ ಓಣ್ಯಾಗ ಹೋದ ತಿಂಗಳು ನೀರು ಐದ ಸಲ ಬಂದೈತ್ರಿ. ಯಾವ್ಯಾವ ತಾರೀಕು ಬಂತು, ಎಷ್ಟೊತ್ತು ಇತ್ತು ಅಂತ ಬರದೀನ್ರಿ.'

ಮುಂದಿನ ಸಾಲಿನಿಂದ ಒಬ್ಬರು, 'ಏ ಯವ್ವಾ, ನೀ ಕುಂದ್ರು. ನಿಮ್ಮ ಯಜಮಾನರನ್ನ ಕಳಸು, ಮಾತಾಡೂಣು' ಎಂದರು.

'ನೀರು ಹೊರಾಕಿ ನಾನ ಅದೀನ್ರಿ ಯಣ್ಣಾ. ಅವರಿಗೆ ತಾರೀಕ ಗೊತ್ತಿಲ್ಲ.'

ಆಕೆ ಕೂರಲಿಲ್ಲ. ಅಷ್ಟರಲ್ಲಿ ಅಕ್ಕಪಕ್ಕದ ಮೂವರು ಎದ್ದು ನಿಂತರು. ಅವರು ಏನೂ ಮಾತಾಡಲಿಲ್ಲ, ಸುಮ್ಮನೆ ನಿಂತರು. ಪಿಡಿಓ ನೋಟಬುಕ್ಕು ಇಸಕೊಂಡು ನೋಡಿ, ನಡವಳಿ ಪುಸ್ತಕದಲ್ಲಿ ಬರೆಸಿದರು. ಆಮೇಲೆ ಕೇಳಿದಾಗ ಗೊತ್ತಾಯಿತು, ಹಿಂದಿನ ವಾರ ಸಂಘದಲ್ಲಿ ಅವರು ಇದನ್ನು ಎರಡು ಸಲ ಆಡಿ ನೋಡಿದ್ದರು. ಒಬ್ಬಾಕೆ ಪಿಡಿಓ ಆಗಿ ಗದರಿಸಿದ್ದಳು, ಒಬ್ಬಾಕೆ ಎದ್ದು ಕೇಳಿದ್ದಳು. ಒಬ್ಬಳು ಎದ್ದರೆ ಮೂವರು ಏಳಬೇಕೆಂದು ಮಾತು ಮಾಡಿಕೊಂಡಿದ್ದರು.

ಇದರಲ್ಲಿ ನಾವು ಕಲಿಯುವುದು ಬಹಳ ಇದೆ. ದನಿ ನಡುಗಿದರೆ ನಡುಗಲಿ, ಅದು ಯಾರಿಗೂ ತಪ್ಪಿದ್ದಲ್ಲ. ಕೈಯಲ್ಲಿ ತಾರೀಕು, ಲೆಕ್ಕ, ಚೀಟಿ ಇದ್ದರೆ ನಡುಗುವ ದನಿಯ ಮಾತಿಗೂ ತೂಕ ಬರುತ್ತದೆ. ಒಂದು ಸಲಕ್ಕೆ ಒಂದೇ ವಿಷಯ ಎತ್ತಬೇಕು. ನೀರಿನ ಮಾತಿಗೆ ಎದ್ದಾಕೆ ರೇಷನ್ನು, ಪಿಂಚಣಿ ಎಲ್ಲ ಒಟ್ಟಿಗೆ ಎತ್ತಿದರೆ ಅಧಿಕಾರಿಗೆ ಜಾರಿಕೊಳ್ಳಲು ದಾರಿ ಸಿಗುತ್ತದೆ. ಮೊದಲು ನಿಮ್ಮ ಹೆಸರು, ನಿಮ್ಮ ಓಣಿ. ಆಮೇಲೆ ವಿಷಯ. ಕಡೆಗೆ, 'ಯಾವ ತಾರೀಕಿಗೆ ಆಗತದ್ರಿ?' ಎಂಬ ಪ್ರಶ್ನೆ. 'ಮಾಡೂಣು' ಎಂಬ ಉತ್ತರಕ್ಕೆ ಕೂತುಬಿಡಬೇಡಿ.

ನಮ್ಮ ಸಂಘಗಳಲ್ಲಿ ನಾನು ಇನ್ನೊಂದು ಮಾಡಿಸುತ್ತೇನೆ. ಒಡಪು ಹಚ್ಚಿ ನಿನ್ನ ಹೆಸರು ಹೇಳು ಅನ್ನುತ್ತೇನೆ. ಗಂಡನ ಹೆಸರಲ್ಲ, ನಿನ್ನದೇ ಹೆಸರು. ಮೊದಲು ನಗು, ಆಮೇಲೆ ನಾಚಿಕೆ. 'ನಮ್ಮ ಹೆಸರಿಗೆ ಒಡಪು ಎಲ್ಲೈತ್ರಿ ಅಕ್ಕಾರ?' ಎಂದು ಕೇಳುತ್ತಾರೆ. ಇಲ್ಲದಿದ್ದರೆ ಕಟ್ಟಿ ಎಂದರೆ, ಕಟ್ಟುತ್ತಾರೆ! ಮುಧೋಳದ ಕಡೆಯ ಅಜ್ಜಿಯೊಬ್ಬಳು ತಾನು ಕಬ್ಬಿನ ಹೊಲದಲ್ಲಿ ದುಡಿದದ್ದನ್ನೂ, ಮಗಳಿಗೆ ಹತ್ತನೆಯ ಇಯತ್ತೆ ಓದಿಸಿದ್ದನ್ನೂ ಕೂಡಿಸಿ, ಕಡೆಗೆ ತನ್ನ ಹೆಸರನ್ನು ಎಷ್ಟು ಗಟ್ಟಿಯಾಗಿ ಹೇಳಿದಳೆಂದರೆ ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಗಂಡಸರು ಒಳಗೆ ಇಣುಕಿ ನೋಡಿದರು.

ಇನ್ನು ಓದಿದ ಹೆಣ್ಣುಮಕ್ಕಳ ಮಾತು. ಈಗ ಜಮಖಂಡಿಯಲ್ಲೇ ವಿಶ್ವವಿದ್ಯಾಲಯವಿದೆ, ಹಳ್ಳಿಯ ಹುಡುಗಿಯರು ಬಸ್ಸಿನಲ್ಲಿ ಬಂದು ಎಂ.ಎ., ಎಂ.ಕಾಂ. ಓದುತ್ತಿದ್ದಾರೆ. ಕೆಲಸದ ಸಂದರ್ಶನಕ್ಕೆ ಹೋಗಿ ಬಂದವರನ್ನು ಕೇಳಿದರೆ, 'ಉತ್ತರ ಗೊತ್ತಿತ್ರಿ, ಆದರ ನಮ್ಮ ಭಾಷಾ ಕೇಳಿ ನಗ್ತಾರಂತ ಸುಮ್ನಾದೆ' ಅನ್ನುತ್ತಾರೆ. ಇದು ನನಗೆ ಬಹಳ ಸಂಕಟದ ಮಾತು. ರನ್ನ ಹುಟ್ಟಿದ ನೆಲ ಮುಧೋಳ. ಅವನಿಗೆ ಆಶ್ರಯ ಕೊಟ್ಟ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದವಳು. ಈ ಸೀಮೆಯ ಕನ್ನಡಕ್ಕೆ ನಾಚಿಕೆಪಡುವ ಕಾರಣ ಏನಿದೆ? 2000ದಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಬಾಗಲಕೋಟೆಯಲ್ಲಿ ನಡೆದಾಗ ಅಧ್ಯಕ್ಷತೆ ವಹಿಸಿದ್ದು ಶಾಂತಾದೇವಿ ಮಾಳವಾಡರು. 1974ರಲ್ಲಿ ಮಂಡ್ಯದಲ್ಲಿ ಜಯದೇವಿತಾಯಿ ಲಿಗಾಡೆಯವರು ಆ ಪೀಠ ಏರಿದ ಮೊದಲ ಮಹಿಳೆ. ಅವರಾದ ಮೇಲೆ ಆ ಗೌರವ ಪಡೆದ ಎರಡನೆಯವರು ಮಾಳವಾಡರು. ಸೊಲ್ಲಾಪುರದ ತಾಯಿ ಮಂಡ್ಯಕ್ಕೆ ಹೋಗಿ ಮಾತಾಡಿದರು, ಮಂಡ್ಯ ಕೇಳಿತು. ಸಂದರ್ಶನಕ್ಕೆ ಹೋಗುವಾಗ ಪದಗಳನ್ನು ಸ್ವಲ್ಪ ತಿದ್ದಿಕೊಳ್ಳಿ, ಬೇಡ ಎನ್ನುವುದಿಲ್ಲ, ಎದುರಿಗಿದ್ದವರಿಗೆ ತಿಳಿಯಬೇಕಲ್ಲ. ಆದರೆ ಬಾರದ ಧಾಟಿಯನ್ನು ಹಿಡಿಯಲು ಹೋಗಿ ಗೊತ್ತಿದ್ದ ವಿಷಯವನ್ನು ಕಳಕೊಳ್ಳಬೇಡಿ. ನಿಂತಲ್ಲಿ ನೇರ ನಿಲ್ಲಿ, ಕೇಳಿದವರ ಮುಖ ನೋಡಿ, ತಿಳಿದದ್ದನ್ನು ತಿಳಿದಷ್ಟು ಹೇಳಿ, ತಿಳಿಯದ್ದಕ್ಕೆ 'ಗೊತ್ತಿಲ್ಲ' ಎನ್ನಿ.

ಮನೆಯ ಹಿರಿಯರಿಗೊಂದು ಮಾತು. ಮನೆಗೆ ಬಂದ ಬೀಗರು ಮಗಳನ್ನು 'ಏನ್ ಓದ್ತಿ ತಂಗಿ?' ಎಂದು ಕೇಳಿದಾಗ ಅಪ್ಪ ಉತ್ತರ ಕೊಡುತ್ತಾನೆ, ಅವ್ವ ಉತ್ತರ ಕೊಡುತ್ತಾಳೆ, ಮಗಳು ಚಹಾದ ತಾಟು ಹಿಡಿದು ನಿಂತಿರುತ್ತಾಳೆ. ಆ ಉತ್ತರ ಅವಳಿಗೇ ಬಿಡಿ. ತಡವರಿಸಿದರೂ ಅವಳೇ ಮುಗಿಸಲಿ. ಗ್ರಾಮಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂರುವ ಅಣ್ಣತಮ್ಮಂದಿರೇ, ಹಿಂದಿನಿಂದ ಹೆಣ್ಣಿನ ದನಿ ಬಂದಾಗ 'ಕುಂದ್ರು' ಎನ್ನುವ ಮಾತನ್ನು ನಿಮ್ಮ ಬಾಯಿಂದ ತೆಗೆದುಹಾಕಿ. ಮಾತಾಡಿದ್ದಕ್ಕೆ ಮನೆಗೆ ಹೋದ ಮೇಲೆ ಏಟು ತಿಂದ ಹೆಣ್ಣುಮಕ್ಕಳನ್ನು ನಾನು ಬಲ್ಲೆ. ಹಾಗಾಗಿ ಎಲ್ಲರೂ ಎಲ್ಲೆಡೆ ಎದ್ದು ಮಾತಾಡಿ ಎಂದು ಹೇಳುವ ಹಗುರತನ ನನ್ನದಲ್ಲ. ಅಂಥವರು ಮೊದಲು ಒಬ್ಬ ಗೆಳತಿಗೆ ಹೇಳಲಿ, ಅಂಗನವಾಡಿಯ ಅಕ್ಕನಿಗೆ ಹೇಳಲಿ. ಮಹಿಳಾ ಸಹಾಯವಾಣಿಯ ಸಂಖ್ಯೆ 181, ಅದಕ್ಕೆ ಫೋನ್ ಮಾಡಲಿ. ಮನೆಯೊಳಗಿನ ಹಿಂಸೆಯಿಂದ ರಕ್ಷಣೆ ಕೊಡುವ 2005ರ ಕಾಯಿದೆಯೂ ಇದೆ.

ಸಭೆಯಲ್ಲಿ ಎದ್ದು ನಿಲ್ಲಲು ಇನ್ನೂ ಮನಸ್ಸು ಬಾರದವರಿಗೆ ಬರೆಯುವ ದಾರಿ ಇದೆ. ನಿಮ್ಮ ಓಣಿಯ ನಲ್ಲಿಗೆ, ಗಟಾರಕ್ಕೆ ಎಷ್ಟು ದುಡ್ಡು ಬಂತು, ಎಲ್ಲಿ ಖರ್ಚಾಯಿತು ಎಂದು ಮಾಹಿತಿ ಹಕ್ಕಿನ ಕಾಯಿದೆಯಡಿ ಕೇಳಬಹುದು. ಅರ್ಜಿಗೆ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು. ಅರ್ಜಿ ಕನ್ನಡದಲ್ಲೇ ಇರಲಿ. ಬರೆಯಲು ಬಾರದಿದ್ದರೆ ಸಾಲಿ ಕಲಿಯುವ ಮಗಳಿಂದ ಬರೆಯಿಸಿ, ಕೆಳಗೆ ನಿಮ್ಮ ಹೆಸರನ್ನು ಪೂರ್ತಿ ಹಾಕಿ. ಕೊಟ್ಟ ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಕಚೇರಿಯ ಶಿಕ್ಕಾ ಒತ್ತಿಸಿಕೊಂಡು ಮನೆಗೆ ತನ್ನಿ. ನಿಮ್ಮ ಊರಿನ ಮುಂದಿನ ಗ್ರಾಮಸಭೆಯ ತಾರೀಕು ಯಾವುದೆಂದು ಅದೇ ಹೊತ್ತಿಗೆ ಅಲ್ಲಿ ಕೇಳಿಕೊಂಡು ಬನ್ನಿ. ಆರು ತಿಂಗಳಿಗೊಮ್ಮೆಯಾದರೂ ಅದು ನಡೆಯಲೇಬೇಕು, ಅದಕ್ಕೆ ಮುಂಚೆ ಹೆಂಗಸರದೇ ಮಹಿಳಾ ಗ್ರಾಮಸಭೆಯೂ ಇದೆ. ಹೋಗುವಾಗ ಪಕ್ಕದ ಮನೆಯಾಕೆಯನ್ನೂ ಕರಕೊಂಡು ಹೋಗಿ.